ಏಕೆಂದರೆ, ಆದರೆ, ಆದ್ದರಿಂದ: ಮೂರು ಪದಗಳ ಪಾಠ

ಇವತ್ತಿನ ಕಥೆ ಮೂರು ಸಣ್ಣ ಪದಗಳದ್ದು.

ಪಾಠ ಅರ್ಥ ಆಗಿರುತ್ತೆ. ಬಾಯಲ್ಲಿ ಕೇಳಿದ್ರೆ ಉತ್ತರಾನೂ ಬರುತ್ತೆ. ಪರೀಕ್ಷೆಯಲ್ಲಿ ಮಾತ್ರ ಒಂದೂವರೆ ಸಾಲಿಗೇ ಪೆನ್ನು ನಿಂತುಬಿಡುತ್ತೆ. ಇದು ವಿಜ್ಞಾನದ ಸಮಸ್ಯೆನಾ, ಭಾಷೆಯದಾ?

ಈ ಪ್ರಶ್ನೆಗೆ ನೂರು ವರ್ಷ ದಾಟಿದೆ. 1921ರಲ್ಲಿ ಇಂಗ್ಲೆಂಡಿನ ಜಾರ್ಜ್ ಸ್ಯಾಂಪ್ಸನ್, ಯಾವ ವಿಷಯ ಕಲಿಸುವ ಮೇಷ್ಟ್ರಾದರೂ ಭಾಷೆಯ ಮೇಷ್ಟ್ರೂ ಹೌದು ಎಂದು ವಾದಿಸಿದರು. 1975ರಲ್ಲಿ ಅಲ್ಲಿನ ಬುಲಕ್ ವರದಿ, ಪ್ರತಿ ಮಾಧ್ಯಮಿಕ ಶಾಲೆಗೂ ಎಲ್ಲ ವಿಷಯಗಳಿಗೆ ಅನ್ವಯಿಸುವ ಭಾಷಾ ನೀತಿ ಬೇಕು ಎಂದಿತು. ಮಾತು ಸರಿ. ಆದರೆ ನಾಳೆ ಕೆಮಿಸ್ಟ್ರಿ ಕ್ಲಾಸಲ್ಲಿ ಏನು ಮಾಡೋದು?

ಇದಕ್ಕೊಂದು ಉತ್ತರ ಸಿಕ್ಕಿದ್ದು ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲಿ. ಅಲ್ಲಿನ ನ್ಯೂ ಡಾರ್ಪ್ ಹೈಸ್ಕೂಲ್‌ನಲ್ಲಿ ಆಗ ಬಡ, ದುಡಿಯುವ ವರ್ಗದ ಮಕ್ಕಳೇ ಹೆಚ್ಚಿದ್ದರು. ಫೇಲಾಗುವವರು ಸೋಮಾರಿಗಳು ಅನ್ನೋ ಮಾತು ಸ್ಟಾಫ್ ರೂಮಲ್ಲಿತ್ತು. ಉತ್ತರಗಳನ್ನ ಕೂತು ಪರಿಶೀಲಿಸಿದಾಗ ಬೇರೆಯೇ ವಿಷಯ ಗೊತ್ತಾಯ್ತು. ‘ಆದರೆ’, ‘ಆದ್ದರಿಂದ’ ಅನ್ನೋ ಅರ್ಥದ ಇಂಗ್ಲಿಷ್ ಪದಗಳನ್ನ ಬಳಸಿ ವಾಕ್ಯ ಕಟ್ಟೋದೇ ಅನೇಕರಿಗೆ ಬರ್ತಿರಲಿಲ್ಲ.

ಪ್ರಿನ್ಸಿಪಾಲ್ ಡೀರ್ಡ್ರೆ ಡಿಏಂಜೆಲಿಸ್, ಶಿಕ್ಷಣತಜ್ಞೆ ಜುಡಿತ್ ಹಾಕ್‌ಮನ್ ಅವರ ವಿಧಾನವನ್ನು ತಂದರು. ಗಣಿತ ಬಿಟ್ಟು ಉಳಿದೆಲ್ಲ ಮುಖ್ಯ ವಿಷಯಗಳಲ್ಲೂ ವಾಕ್ಯಾಭ್ಯಾಸ ಶುರುವಾಯ್ತು.

ಅದು ಹೇಗಿರುತ್ತೆ? ನಾವೇ ಒಂದು ಮಾಡಿ ನೋಡೋಣ. ‘ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ.’ ಈಗ ಮುಂದುವರಿಸಿ. ಏಕೆಂದರೆ, ಗಾಳಿಯ ಆಮ್ಲಜನಕ ಮತ್ತು ನೀರು ಅದರ ಜೊತೆ ವರ್ತಿಸುತ್ತವೆ. ಆದರೆ, ಪೂರ್ತಿ ಒಣಗಿದ ಗಾಳಿಯಲ್ಲಿ ಹಾಗಾಗುವುದಿಲ್ಲ. ಆದ್ದರಿಂದ, ಗೇಟಿಗೆ ಬಣ್ಣ ಬಳಿಯುತ್ತೇವೆ. ಮೊದಲನೆಯದಕ್ಕೆ ಕಾರಣ ಗೊತ್ತಿರಬೇಕು, ಎರಡನೆಯದಕ್ಕೆ ಮಿತಿ, ಮೂರನೆಯದಕ್ಕೆ ಪರಿಣಾಮ. ಬಾಯಿಪಾಠ ಮಾಡಿದವರು ಮೊದಲನೆಯದನ್ನ ಹೇಗೋ ದಾಟ್ತಾರೆ. ಎರಡನೆಯದಕ್ಕೆ ಯೋಚಿಸಲೇಬೇಕು.

2009ರಲ್ಲಿ ಆ ಶಾಲೆಯ 67% ಮಕ್ಕಳು ರಾಜ್ಯಮಟ್ಟದ ಇಂಗ್ಲಿಷ್ ಪರೀಕ್ಷೆ ಪಾಸಾಗಿದ್ದರು, 2011ರಲ್ಲಿ 89%. ಜಾಗತಿಕ ಇತಿಹಾಸದಲ್ಲಿ 64% ಇದ್ದದ್ದು 75% ಆಯ್ತು. ಒಂದೇ ಶಾಲೆಯ ಲೆಕ್ಕ ಇದು, ಎಲ್ಲ ಶ್ರೇಯಸ್ಸೂ ವಾಕ್ಯಾಭ್ಯಾಸಕ್ಕೇ ಅನ್ನೋಕಾಗಲ್ಲ. ಆದರೂ 2012ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆ ಇದನ್ನ ಬರೆದಾಗ ಅಮೆರಿಕದಲ್ಲಿ ದೊಡ್ಡ ಚರ್ಚೆಯೇ ನಡೀತು.

ನಮ್ಮ ಪ್ರಶ್ನೆಪತ್ರಿಕೆಗಳಲ್ಲೂ ‘ಕಾರಣ ಕೊಡಿ’ ಅಂತ ಇರುತ್ತೆ. ಕಾರಣವನ್ನ ವಾಕ್ಯದಲ್ಲಿ ಕಟ್ಟೋದು ಹೇಗೆ ಅಂತ ವಿಜ್ಞಾನದ, ಸಮಾಜದ ಕ್ಲಾಸಲ್ಲಿ ಎಷ್ಟು ಜನ ಹೇಳಿಕೊಡ್ತಾರೆ? ಹೇಳಿಕೊಡದೇ ಇದ್ದದ್ದಕ್ಕೆ ಮಾರ್ಕ್ಸ್ ಕಳೆದರೆ, ಸೋಲೋದು ಮನೆಯಲ್ಲಿ ತಿದ್ದುವವರಿಲ್ಲದ ಮಗು.