ಪಾಳಿ ಪಾಳಿಯಲ್ಲಿ ಕಂಡ ಮನಸ್ಸು

ಮನೋರೋಗ ಶುಶ್ರೂಷೆ ಓದುವ ಮಕ್ಕಳ ಕೇಸ್ ಸ್ಟಡಿ ಪುಸ್ತಕ ತಿದ್ದಲು ಕೂತಾಗಲೆಲ್ಲ ನನಗೆ ಸಂಕಟವಾಗುತ್ತದೆ. ಉಡುಗೆ, ನಡವಳಿಕೆ, ಮಾತು, ಭಾವ, ಆಲೋಚನೆ, ಗ್ರಹಿಕೆ, ನೆನಪು, ತನ್ನ ಕಾಯಿಲೆಯ ಅರಿವು ಎಂದು ಎಲ್ಲ ಶೀರ್ಷಿಕೆಗಳ ಕೆಳಗೂ ಏನಾದರೊಂದು ತುಂಬಿರುತ್ತದೆ. ರೋಗಿ ಮಾತ್ರ ಎಲ್ಲೂ ಸಿಗುವುದಿಲ್ಲ. ಅರ್ಧ ಗಂಟೆ ಎದುರು ಕೂತು ಪ್ರಶ್ನೆ ಕೇಳಿ, ಕೊನೆಗೊಂದು ಅಂಕ ಕೂಡಿಸಿದರೆ ಮನಃಸ್ಥಿತಿ ಪರೀಕ್ಷೆ ಮುಗಿಯಿತು ಎಂಬ ನಂಬಿಕೆ ಬೇರೂರುತ್ತಿದೆ. ಈ ಪರೀಕ್ಷೆ ಬೆಳೆದು ಬಂದ ದಾರಿ ಗೊತ್ತಿದ್ದವರು ಹಾಗೆ ನಂಬಲಾರರು.

ಆರಂಭದ ಕತೆ ಪಠ್ಯಪುಸ್ತಕಗಳಲ್ಲಿ ಬೇಕಾದಷ್ಟಿದೆ. ಜರ್ಮನಿಯಲ್ಲಿ ಕ್ರೇಪೆಲಿನ್ ರೋಗಗಳನ್ನು ವಿಂಗಡಿಸಿದರು. 1913ರಲ್ಲಿ ಕಾರ್ಲ್ ಯಾಸ್ಪರ್ಸ್ ರೋಗಿಯ ಅನುಭವವನ್ನು ಅವನು ಹೇಳಿದಂತೆಯೇ ಹಿಡಿಯಬೇಕೆಂದರು. ಅಮೆರಿಕದಲ್ಲಿ ಅಡಾಲ್ಫ್ ಮೇಯರ್ ಪರೀಕ್ಷೆಗೊಂದು ಚೌಕಟ್ಟು ಕೊಟ್ಟರು. ಇವರೆಲ್ಲರಿಗಿಂತ ನರ್ಸ್‌ಗಳಿಗೆ ಹತ್ತಿರದವರು ಜಾರ್ಜ್ ಕರ್ಬಿ. ಮಾತೇ ಆಡದ, ಸಹಕರಿಸದ ರೋಗಿಯನ್ನು ಪರೀಕ್ಷಿಸುವುದು ಹೇಗೆಂದು 1921ರಲ್ಲಿ ಅವರು ಬರೆದ ಮಾರ್ಗಸೂಚಿ ಈಗಲೂ ನಮ್ಮಲ್ಲಿ ಬಳಕೆಯಲ್ಲಿದೆ. ಭಂಗಿ, ಮುಖ, ಕಣ್ಣು, ಹೇಳಿದ್ದಕ್ಕೆ ತೋರುವ ಪ್ರತಿಕ್ರಿಯೆ, ಸ್ನಾಯುಗಳ ಬಿಗಿತ, ಉಣ್ಣುವ, ಉಡುವ, ಶೌಚಕ್ಕೆ ಹೋಗುವ ಬಗೆ, ಎಲ್ಲವೂ ಅದರಲ್ಲಿ ಪರೀಕ್ಷೆಯ ಭಾಗ. ಎರಡು ದಿನದಿಂದ ತುಟಿ ಬಿಚ್ಚದ ಹುಡುಗನೊಬ್ಬ ವಾರ್ಡಿನ ಅನ್ನದ ತಟ್ಟೆಯನ್ನು ದೂಡುತ್ತಾನೆ. ಸಿಪ್ಪೆ ಬಿಡಿಸದ ಬಾಳೆಹಣ್ಣು ಕೊಟ್ಟರೆ ತಾನೇ ಬಿಡಿಸಿ ತಿನ್ನುತ್ತಾನೆ. ನೀರನ್ನು ಲೋಟದಲ್ಲಿ ಕೊಟ್ಟರೆ ಮುಟ್ಟದೆ ನಲ್ಲಿಗೆ ಬೊಗಸೆ ಒಡ್ಡುತ್ತಾನೆ. ಊಟದಲ್ಲಿ ವಿಷ ಬೆರೆಸಿದ್ದಾರೆಂಬ ಸಂಶಯ ಇವನಿಗಿರಬಹುದು ಎಂದು ಮೊದಲು ಹೊಳೆಯುವುದು ಊಟ ಬಡಿಸುವ ಹೊತ್ತಿನಲ್ಲಿ ಅಲ್ಲಿದ್ದವರಿಗೆ. ಡಾಕ್ಟರ ಕೋಣೆಯಲ್ಲಿ ಇದು ಕಾಣುವುದಿಲ್ಲ.

1952ರಲ್ಲಿ ಹಿಲ್ಡಗಾರ್ಡ್ ಪೆಪ್ಲೌ ನರ್ಸ್ ಮತ್ತು ರೋಗಿಯ ಸಂಬಂಧವೇ ಚಿಕಿತ್ಸೆಯ ಸಾಧನ ಎಂದು ತೋರಿಸಿದ ಮೇಲೆ ನಮ್ಮ ವೃತ್ತಿಗೆ ತನ್ನದೇ ಆದ ನೆಲೆ ಸಿಕ್ಕಿತು. ಇತ್ತ 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಅದೇ ದಶಕದಲ್ಲಿ ಅಲ್ಲಿ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಬಂತು. 1974ರ ಕೊನೆಗೆ ಆಸ್ಪತ್ರೆ ಮತ್ತು ಸಂಸ್ಥೆ ಕೂಡಿ ನಿಮ್ಹಾನ್ಸ್ ಆಯಿತು.

ನಮ್ಮ ತಲೆಮಾರಿಗೆ ಪಾಠ ಹೇಳಿದವರು ಆ ಡಿಪ್ಲೊಮಾ ಮುಗಿಸಿದ ಹಿರಿಯ ಸಿಸ್ಟರ್‌ಗಳು. ‘ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು’ ಎಂದಷ್ಟೇ ಬರೆದರೆ ರಿಪೋರ್ಟ್ ಬುಕ್ ಮೇಜಿಗೆ ವಾಪಸ್ ಬರುತ್ತಿತ್ತು. ಎಷ್ಟು ಹೊತ್ತಿಗೆ ಮಲಗಿದರು, ಎಷ್ಟು ಸಲ ಎದ್ದು ಕೂತರು, ಮೂರು ಗಂಟೆಗೆ ಎದ್ದವರು ಮತ್ತೆ ಮಲಗಿದರೋ ಕಿಟಕಿ ಹಿಡಿದು ನಿಂತರೋ ಎಂದು ಕೇಳುತ್ತಿದ್ದರು. ವಾರಗಟ್ಟಲೆ ಅತ್ತ ಹೆಂಗಸು ಒಂದು ಸಂಜೆ ಇದ್ದಕ್ಕಿದ್ದಂತೆ ಶಾಂತಳಾಗಿ, ತನ್ನ ಹೊಸ ಸೀರೆಯನ್ನು ಪಕ್ಕದ ಹಾಸಿಗೆಯವಳಿಗೆ ಕೊಟ್ಟರೆ, ಅದನ್ನು ಸುಧಾರಣೆ ಎಂದು ಬರೆಯುವ ಮುನ್ನ ಕೂತು ಮಾತಾಡಿಸಿ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಬೇಕು ಎಂದು ಕಲಿಸಿದವರು ಅವರೇ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂದು ಇಂದಿಗೂ ಹೆದರುವವರಿದ್ದಾರೆ. ಆ ಹೆದರಿಕೆಗೆ ಆಧಾರವಿಲ್ಲ.

ಅಳತೆಪಟ್ಟಿಗಳು ಬಂದದ್ದೂ ಇದೇ ಕಾಲದಲ್ಲಿ. ಖಿನ್ನತೆಗೆ 1960ರಲ್ಲಿ ಹ್ಯಾಮಿಲ್ಟನ್ ಪಟ್ಟಿ, 1975ರಲ್ಲಿ ಫೋಲ್‌ಸ್ಟೀನ್‌ರ ಮಿನಿ ಮೆಂಟಲ್ ಪರೀಕ್ಷೆ. ಇವುಗಳ ನಡುವೆ 1965ರಲ್ಲಿ ಹೊರಬಂದ ‘ನೋಸಿ’ ನರ್ಸ್‌ಗಳಿಗೆಂದೇ ಮಾಡಿದ್ದು: ರೋಗಿಯನ್ನು ಪ್ರಶ್ನಿಸದೆ, ಮೂರು ದಿನ ವಾರ್ಡಿನಲ್ಲಿ ಕಂಡದ್ದನ್ನೇ ಅಂಕಕ್ಕಿಳಿಸುವ ಪಟ್ಟಿ. ಇಂದಿನ ವಿದ್ಯಾರ್ಥಿಗಳಲ್ಲಿ ಅದರ ಹೆಸರು ಕೇಳಿದವರೇ ಕಡಿಮೆ. ಫೋಲ್‌ಸ್ಟೀನ್ ಪರೀಕ್ಷೆ ಮಾತ್ರ ಎಲ್ಲೆಡೆ ನಡೆಯುತ್ತದೆ. ಅದರಲ್ಲಿ ವಾಕ್ಯ ಬರೆಯಬೇಕು, ಚಿತ್ರ ನಕಲು ಮಾಡಬೇಕು, ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು. ಶಾಲೆಯ ಮೆಟ್ಟಿಲು ಹತ್ತದ ರೈತ ಮಹಿಳೆಯ ಮುಂದೆ ಅದನ್ನಿಟ್ಟು ನೆನಪು ಕುಂದಿದೆ ಎಂದು ಬರೆಯುವುದು ಅನ್ಯಾಯ. ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿ, ಐನೂರರ ನೋಟಿಗೆ ಚಿಲ್ಲರೆ ಲೆಕ್ಕ ಕೇಳಿ. ಅವರ ಗಮನ ಹೇಗಿದೆಯೆಂದು ತಿಳಿಯುತ್ತದೆ. ಹರಿಯಾಣದ ಬಲ್ಲಭಗಢದಲ್ಲಿ ಓದುಬರಹವಿಲ್ಲದ ಹಿರಿಯರಿಗಾಗಿಯೇ 1990ರ ದಶಕದಲ್ಲಿ ಹಿಂದಿಯಲ್ಲಿ ಹೊಸ ಪರೀಕ್ಷೆ ರೂಪಿಸಿದ್ದು ಈ ಕಾರಣಕ್ಕೇ.

ನಮ್ಮ ನೆಲದಲ್ಲೂ ಅಂಥ ಕೆಲಸ ನಡೆದಿತ್ತು. ಉಡುಪಿ ಸೀಮೆಯ ಕೋಟದಲ್ಲಿ ಆರ್.ಎಲ್. ಕಪೂರ್ ಮತ್ತು ಕಾರ್‌ಸ್ಟೇರ್ಸ್ ಹಳ್ಳಿಯ ಜನರ ಮನೋವ್ಯಾಧಿಗಳನ್ನು ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ಅದಕ್ಕಾಗಿ ಭಾರತೀಯರಿಗೆ ಹೊಂದುವ ಸಂದರ್ಶನ ಪಟ್ಟಿಯನ್ನೇ ಸಿದ್ಧಪಡಿಸಿದ್ದರು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು 1980ರ ದಶಕದ ಆರಂಭದಲ್ಲಿ ಪೈ ಮತ್ತು ಕಪೂರ್ ಬೆಂಗಳೂರಿನಲ್ಲಿ ಮಾಡಿದ ಅಧ್ಯಯನ. ಸ್ಕಿಜೋಫ್ರೀನಿಯಾ ಇದ್ದ ಒಂದು ಗುಂಪನ್ನು ಆಸ್ಪತ್ರೆಗೆ ಸೇರಿಸಿದರು. ಇನ್ನೊಂದು ಗುಂಪಿನವರ ಮನೆಗೇ ನರ್ಸ್ ಹೋಗಿ ನೋಡಿಕೊಂಡರು. ಮನೆಯಲ್ಲಿದ್ದವರೇ ಚೆನ್ನಾಗಿ ಚೇತರಿಸಿಕೊಂಡರು, ಮನೆಯವರ ಹೊರೆಯೂ ಇಳಿಯಿತು. ರೋಗಿ ಅಂಗಳ ಗುಡಿಸಿದನೋ, ನೆಂಟರು ಬಂದಾಗ ಒಳಗೆ ಸರಿದನೋ, ಮಾತ್ರೆಯನ್ನು ನಾಲಗೆಯಡಿ ಇಟ್ಟುಕೊಂಡನೋ ಎಂಬುದೆಲ್ಲ ತಿಳಿಯಬೇಕಾದರೆ ಹೀಗೆ ಮನೆಯೊಳಗೆ ಹೋಗಬೇಕು. ನಮ್ಮ ಸಿಲಬಸ್‌ಗಳಲ್ಲಿ ಈ ಅಧ್ಯಯನಕ್ಕೆ ಇನ್ನಷ್ಟು ಜಾಗ ಸಿಗಬೇಕಿತ್ತು.

ಮನೋರೋಗ ವಾರ್ಡಿನ ಆಚೆಗೂ ಈ ವಿದ್ಯೆ ಬೇಕು. ಕಾಲು ಮುರಿದು ಮೂಳೆ ವಾರ್ಡಿಗೆ ಸೇರಿದ, ದಿನವೂ ಕುಡಿಯುತ್ತಿದ್ದ ಮನುಷ್ಯನನ್ನು ನೆನೆಯಿರಿ. ಬೆಳಗಿನ ರೌಂಡ್ಸ್‌ನಲ್ಲಿ ಊರು, ದಿನ ಎಲ್ಲ ಸರಿಯಾಗಿ ಹೇಳುತ್ತಾನೆ. ಮೂರನೇ ರಾತ್ರಿ ಬೆವರುತ್ತಾನೆ, ಕೈ ನಡುಗುತ್ತದೆ, ಹೊದಿಕೆಯ ಮೇಲಿಲ್ಲದ ಇರುವೆ ಹೆಕ್ಕುತ್ತಾನೆ, ಸಿಸ್ಟರನ್ನು ಹೆಂಡತಿಯ ಹೆಸರು ಹಿಡಿದು ಕರೆಯುತ್ತಾನೆ. ಇದು ಪ್ರಾಣಕ್ಕೆ ಎರವಾಗಬಲ್ಲ ಸ್ಥಿತಿ. ಪ್ರಜ್ಞೆ ಹೀಗೆ ಹೊತ್ತಿಗೊಂದು ಬಗೆಯಾಗಿ ಏರಿಳಿಯುತ್ತದೆಯೇ ಎಂಬುದೇ 1990ರಲ್ಲಿ ಶರನ್ ಇನೌಯೆ ತಂಡ ರೂಪಿಸಿದ ಪರೀಕ್ಷೆಯ ಮೊದಲ ಪ್ರಶ್ನೆ. ಮೂರು ಪಾಳಿಯ ಟಿಪ್ಪಣಿ ಒಟ್ಟಿಗಿಟ್ಟು ಓದದವರು ಅದಕ್ಕೆ ಉತ್ತರ ಹೇಳುವುದು ಕಷ್ಟ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಆರೋಗ್ಯ ನರ್ಸ್‌ಗಳನ್ನು ಪರಿಣತರ ಸಾಲಿಗೆ ಸೇರಿಸಿದೆ. ಹೀಗಿದ್ದೂ ನಾನು ಕಂಡ ಹಲವು ವಾರ್ಡುಗಳಲ್ಲಿ ನರ್ಸ್ ಟಿಪ್ಪಣಿ ಕೇಸ್ ಶೀಟಿನ ಕೊನೆಯಲ್ಲಿರುತ್ತದೆ, ರೌಂಡ್ಸ್ ಅಲ್ಲಿಯವರೆಗೆ ಪುಟ ತಿರುಗಿಸದೆ ಮುಂದಿನ ಹಾಸಿಗೆಗೆ ಹೋಗುತ್ತದೆ. ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಅಂಕ ಸಿಗುವುದೂ ಶೀರ್ಷಿಕೆ ತುಂಬಿದ್ದಕ್ಕೆ. ಒಬ್ಬನೇ ರೋಗಿಯನ್ನು ಊಟದ ಹೊತ್ತಿಗೆ, ಸಂಜೆ ಮನೆಯವರು ಬಂದಾಗ, ನಸುಕಿನಲ್ಲಿ ಹೀಗೆ ಮೂರು ದಿನ ನೋಡಿ, ಅವನ ಮಾತನ್ನು ಅವನಾಡಿದಂತೆಯೇ ಬರೆದು ತಂದವರಿಗೆ ಅಂಕ ಕೊಡುವ ಪದ್ಧತಿ ಬರಲಿ. ಬೆಳಿಗ್ಗೆ ರೌಂಡ್ಸ್ ಶುರುವಾದಾಗ ಪ್ರತಿ ಹಾಸಿಗೆಯ ಬಳಿ ಮೊದಲು ರಾತ್ರಿ ಪಾಳಿಯ ಸಿಸ್ಟರ್ ಮಾತಾಡಲಿ, ಡಾಕ್ಟರು ಕೇಳಿಸಿಕೊಂಡು ಆಮೇಲೆ ತಮ್ಮ ಪ್ರಶ್ನೆ ಕೇಳಲಿ.