ನಗಿಸುತ್ತಲೇ ಅಳಿಸುವ ಜುನ್ ಮಾಯೆದಾ

ಜುನ್ ಮಾಯೆದಾ ಜಪಾನಿನ ವಿಶುವಲ್ ನಾವೆಲ್ ಮತ್ತು ಅನಿಮೆ ಕಥೆಗಾರ. ಹಾಡು ಬರೆದು ರಾಗ ಹಾಕುವವರೂ ಹೌದು. ವಿಶುವಲ್ ನಾವೆಲ್ ಎಂದರೆ ಪರದೆಯ ಮೇಲೆ ಓದುವ ಕಾದಂಬರಿ. ಚಿತ್ರದ ಕೆಳಗೆ ಮಾತು ಮೂಡುತ್ತದೆ, ಹಿಂದೆ ಸಂಗೀತ ನುಡಿಯುತ್ತದೆ, ಓದುಗ ಆರಿಸಿದ ಕಡೆಗೆ ಕಥೆ ಕವಲೊಡೆಯುತ್ತದೆ.

ಆರಂಭ

ಹುಟ್ಟಿದ್ದು 1975ರ ಜನವರಿ 3ರಂದು, ಮಿಯೆ ಪ್ರಾಂತದಲ್ಲಿ. ಚುಕ್ಯೋ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದರು. ಟ್ಯಾಕ್ಟಿಕ್ಸ್ ಎಂಬ ಆಟದ ಬ್ರ್ಯಾಂಡಿಗಾಗಿ ‘ಮೂನ್’ (1997), ‘ಒನ್’ (1998) ಆಟಗಳಿಗೆ ಬರೆದ ಮೇಲೆ ಜೊತೆಗಾರರೊಂದಿಗೆ ಹೊರಬಂದು, ವಿಶುವಲ್ ಆರ್ಟ್ಸ್ ಕಂಪನಿಯಡಿ ‘ಕೀ’ ಬ್ರ್ಯಾಂಡ್ ಕಟ್ಟಿದರು. ‘ಕಾನನ್’ (1999) ಕಥೆಯಲ್ಲಿ ಜೊತೆಗಾರ ನಾವೊಕಿ ಹಿಸಾಯಾ ಅವರ ಪಾಲು ದೊಡ್ಡದು. ‘ಏರ್’ (2000) ಬರುವ ಹೊತ್ತಿಗೆ ಮಾಯೆದಾ ಅವರೇ ಮುಖ್ಯ ಕಥೆಗಾರ.

‘ಕ್ಲ್ಯಾನಾಡ್’

ಅವರ ಕಸುಬು ಪೂರ್ತಿ ಅರಳಿದ್ದು 2004ರ ‘ಕ್ಲ್ಯಾನಾಡ್’ನಲ್ಲಿ. ಶಾಲೆಗೆ ಹೋಗುವ ಏರುದಾರಿ, ಇಕ್ಕೆಲದಲ್ಲಿ ಚೆರ್ರಿ ಮರಗಳು. ಕಾಯಿಲೆಯಿಂದ ಒಂದು ವರ್ಷ ಹಿಂದುಳಿದ ನಾಗಿಸಾ ಬುಡದಲ್ಲೇ ನಿಂತುಬಿಟ್ಟಿದ್ದಾಳೆ. ಹತ್ತಲು ಧೈರ್ಯ ಬೇಕು. ಅದಕ್ಕೆ ತನಗಿಷ್ಟದ ತಿನಿಸಿನ ಹೆಸರು ಹೇಳಿಕೊಳ್ಳುತ್ತಾಳೆ: ಅನ್‌ಪಾನ್, ಕೆಂಪು ಕಾಳಿನ ಸಿಹಿ ಹೂರಣ ತುಂಬಿದ ಬನ್ನು. ಅವಳ ಅಪ್ಪ ಅಮ್ಮನದು ಬೇಕರಿ. ಇಂಥ ಪುಟ್ಟ ಸಂಗತಿಯಿಂದಲೇ ಒಬ್ಬಳು ನಮ್ಮ ಮನೆಯವಳಾಗಿಬಿಡುತ್ತಾಳೆ.

ಆಮೇಲೆ ಗಂಟೆಗಟ್ಟಲೆ ತಮಾಷೆ, ಗೆಳೆಯರ ಕಿತಾಪತಿ. ಒಬ್ಬೊಬ್ಬರ ಕಥೆ ಮುಗಿದಾಗ ಸಿಗುವ ಬೆಳಕಿನ ಉಂಡೆಗಳನ್ನು ಕೂಡಿಸುತ್ತ ಹೋಗಬೇಕು. ‘ಆಫ್ಟರ್ ಸ್ಟೋರಿ’ ಎಂಬ ಎರಡನೇ ಭಾಗ ತೆರೆಯುವುದು ಆಮೇಲೆಯೇ: ಕಥಾನಾಯಕನ ಕರೆಂಟು ಕಂಬ ಹತ್ತುವ ಕೆಲಸ, ಮದುವೆ, ಮಗು, ಮುನಿದ ಅಪ್ಪ. ಅಷ್ಟು ಹೊತ್ತು ಜೊತೆಗೆ ನಕ್ಕವನಿಗೆ ಅಲ್ಲಿನ ಸಾವು ಸ್ವಂತದ್ದೆನಿಸುತ್ತದೆ. ಜಪಾನಿನಲ್ಲಿ ಇಂಥವನ್ನು ‘ನಾಕಿಗೆ’, ಅಳಿಸುವ ಆಟ, ಎನ್ನುತ್ತಾರೆ. ನಾಗಿಸಾ ಗುನುಗುವ ದಾಂಗೊ ಕುಟುಂಬದ ಹಾಡೂ ಮಾಯೆದಾ ಅವರದೇ. ದಾಂಗೊ ಎಂದರೆ ಅಕ್ಕಿಹಿಟ್ಟಿನ ಉಂಡೆ. ಮಗುವಿನ ಹಾಡಿನಷ್ಟು ಸರಳವಾದ ಆ ರಾಗ ಕಥೆ ಮುಂದುವರಿದಂತೆ ತಡೆಯಲಾಗದಷ್ಟು ಭಾರವಾಗುತ್ತದೆ.

ಅನಿಮೆ

ಕ್ಯೋಟೊ ಅನಿಮೇಷನ್ ‘ಏರ್’ (2005), ‘ಕಾನನ್’ (2006), ‘ಕ್ಲ್ಯಾನಾಡ್’ (2007) ಮೂರನ್ನೂ ಟಿವಿಗೆ ತಂದಿತು. ಮಾಯೆದಾ ನೇರವಾಗಿ ಅನಿಮೆಗೆಂದೇ ಬರೆದವು ‘ಏಂಜೆಲ್ ಬೀಟ್ಸ್!’ (2010), ‘ಶಾರ್ಲಟ್’ (2015), ‘ದ ಡೇ ಐ ಬಿಕೇಮ್ ಎ ಗಾಡ್’ (2020). ಮೊದಲನೆಯದು, ಬದುಕಿನಲ್ಲಿ ನೊಂದು ಸತ್ತ ಹದಿಹರೆಯದವರು ಬಂದು ಸೇರುವ ಶಾಲೆಯ ಕಥೆ. ಅಲ್ಲಿನ ಹುಡುಗಿಯರ ಬ್ಯಾಂಡಿನ ಹಾಡುಗಳು ಮನಸ್ಸಿನಿಂದ ಅಳಿಯವು. ಆದರೂ ಹದಿಮೂರು ಕಂತು ಅವರಿಗೆ ಇಕ್ಕಟ್ಟು. ಅವರ ಪಾತ್ರಗಳು ಹರಟೆ ಹೊಡೆಯುತ್ತ ಹತ್ತಿರವಾಗುವವರು, ಅದಕ್ಕೆ ಬಿಡುವು ಬೇಕು.

ಮತ್ತೆ ಆಟಕ್ಕೆ

2016ರಲ್ಲಿ ಹೃದಯದ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದರು. 2022ರಲ್ಲಿ ‘ಹೆವನ್ ಬರ್ನ್ಸ್ ರೆಡ್’ ಮೊಬೈಲ್ ಆಟದೊಂದಿಗೆ ಆಟಗಳ ಲೋಕಕ್ಕೆ ಹಿಂತಿರುಗಿದರು. ಭೂಮಿಯನ್ನು ಉಳಿಸಲು ಕಾದಾಡುವ ಹುಡುಗಿಯರು ಅದರಲ್ಲೂ ಗುಂಪು ಕೂಡಿ ಹರಟುತ್ತಾರೆ, ಬ್ಯಾಂಡ್ ಕಟ್ಟಿ ಹಾಡುತ್ತಾರೆ.