ರಣರಂಗದ ಪಾದ್ರಿ: ಥಿಯೊಡೋರ್ ಹಾರ್ಡಿ

ಯುದ್ಧದ ಇತಿಹಾಸವೆಂದರೆ ಸೇನಾಪತಿಗಳ ಹಾಗೂ ಸಂಧಿಪತ್ರಗಳ ಇತಿಹಾಸವೆಂದು ಭಾವಿಸುವುದು ರೂಢಿ. ಆದರೆ ಸೇನೆಯೊಡನೆ ನಡೆದು, ಆಯುಧವನ್ನು ಮುಟ್ಟದೆ, ರಣರಂಗದಲ್ಲಿ ಪ್ರಾಣವನ್ನೊಪ್ಪಿಸಿದವರೂ ಉಂಟು. ಅಂಥವರಲ್ಲೊಬ್ಬರಾದ ಥಿಯೊಡೋರ್ ಬೇಯ್ಲಿ ಹಾರ್ಡಿ ಎಂಬ ಆಂಗ್ಲ ಪಾದ್ರಿಗಳ ಚರಿತ್ರೆಯನ್ನು ಶ್ರೋತೃಗಳ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಬ್ರಿಟಿಷ್ ಸೇನೆಯ ಪಾದ್ರಿಗೆ ಅಧಿಕಾರಿಯ ಉಡುಪೂ ದರ್ಜೆಯೂ ಉಂಟು; ದಂಡನ್ನು ನಡೆಸುವ ಅಧಿಕಾರವಿಲ್ಲ. ಪ್ರಾರ್ಥನೆ ನಡೆಸುವುದು, ಗಾಯಗೊಂಡವರನ್ನು ಸಂತೈಸುವುದು, ಮಡಿದವರನ್ನು ಮಣ್ಣುಮಾಡಿ ಅವರ ಮನೆಗಳಿಗೆ ಕಾಗದ ಬರೆಯುವುದು ಅವನ ಕೆಲಸ. ಶತ್ರುವನ್ನೂ ಪ್ರೀತಿಸೆಂದು ಬೋಧಿಸುವ ಮತದ ಗುರುವು ಶತ್ರುಸಂಹಾರಕ್ಕೆ ಹೊರಟ ದಂಡಿನೊಡನೆ ಏಕೆ ಹೋಗಬೇಕು? ಇದು ಸುಲಭವಾಗಿ ತಳ್ಳಿಹಾಕಬಹುದಾದ ಪ್ರಶ್ನೆಯಲ್ಲ. ಹಾರ್ಡಿಯವರ ಬಾಳನ್ನು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ನೋಡುವುದು ಯುಕ್ತವೆಂದು ನಮಗೆ ತೋರುತ್ತದೆ.

ಅವರು 1863ನೆಯ ಇಸವಿ ಅಕ್ಟೋಬರ್ 20ರಂದು ಎಕ್ಸೆಟರ್ ಪಟ್ಟಣದಲ್ಲಿ ಜನಿಸಿದರು. ಬಾಳಿನ ಬಹುಭಾಗವನ್ನು ಅಧ್ಯಾಪಕರಾಗಿ ಕಳೆದರು. ನಾಟಿಂಗ್‌ಹ್ಯಾಮಿನ ಪ್ರೌಢಶಾಲೆಯಲ್ಲಿ ಪಾಠ ಹೇಳಿ, ಬೆಂಥಮ್ಮಿನ ಶಾಲೆಗೆ ಮುಖ್ಯೋಪಾಧ್ಯಾಯರಾಗಿ, ಕಡೆಗೆ ಹಟನ್ ರೂಫ್ ಎಂಬ ಸಣ್ಣ ಹಳ್ಳಿಯ ಪಾದ್ರಿಗಳಾದರು. 1914ರಲ್ಲಿ ಪತ್ನಿ ತೀರಿಕೊಂಡರು. ಅದೇ ವರ್ಷ ಮಹಾಯುದ್ಧವೂ ಮೊದಲಾಯಿತು. ಸೇನೆಗೆ ಸೇರಲು ಹಾರ್ಡಿಯವರು ಅರ್ಜಿ ಹಾಕಿದರೆ ವಯಸ್ಸಾಯಿತೆಂದು ಸೇರಿಸಿಕೊಳ್ಳಲಿಲ್ಲ. ಪಟ್ಟುಬಿಡದೆ ಕೇಳಿ, 1916ರಲ್ಲಿ, 52ನೆಯ ವಯಸ್ಸಿನಲ್ಲಿ, ನೇಮಕ ಪಡೆದು ಫ್ರಾನ್ಸಿಗೆ ಹೋದರು.

ಅಲ್ಲಿ ಅವರು ತಮಗಿಂತ ಇಪ್ಪತ್ತು ವರ್ಷ ಕಿರಿಯರಾದ ಸ್ಟಡರ್ಟ್ ಕೆನಡಿ ಎಂಬ ಪಾದ್ರಿಗಳಲ್ಲಿ ಬುದ್ಧಿಮಾತು ಕೇಳಿದರು. ಸಿಪಾಯಿಗಳೊಡನೆಯೇ ಬಾಳಬೇಕು, ಅವರು ಹೋದೆಡೆಗೆಲ್ಲ ಹೋಗಬೇಕು ಎಂಬುದು ದೊರೆತ ಉಪದೇಶದ ಸಾರ. ಮುಖ್ಯೋಪಾಧ್ಯಾಯರಾಗಿದ್ದ ಹಿರಿಯರು ಇದನ್ನು ವಿಧೇಯ ವಿದ್ಯಾರ್ಥಿಯಂತೆ ಅಕ್ಷರಶಃ ಪಾಲಿಸಿದರು. ಕತ್ತಲೆಯಲ್ಲಿ ಮುಂಚೂಣಿಯ ಕಂದಕಕ್ಕೆ ಬಂದು, ‘ನಾನೇ, ಹುಡುಗರೇ’ ಎನ್ನುವ ಅವರ ದನಿ ಲಿಂಕನ್‌ಷೈರ್ ದಳದವರಿಗೆಲ್ಲ ಪರಿಚಿತವಾಯಿತು.

1917ರಲ್ಲಿ ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಬಳಿ ಕೆಲವು ಸಿಪಾಯಿಗಳು ಎರಡು ಸೇನೆಗಳ ನಡುವಣ ಕೆಸರಿನಲ್ಲಿ ಹೂತುಹೋದರು. ಹಾರ್ಡಿಯವರ ಎಡಗೈ ಆಗ ಅಪಘಾತದಿಂದ ಪೆಟ್ಟಾಗಿ ಕಟ್ಟಿನಲ್ಲಿದ್ದಿತು. ಆದರೂ ರಕ್ಷಿಸಲು ಹೋದ ತಂಡದೊಡನೆ ತಾವೂ ಹೋಗಿ, ಗುಂಡಿನ ಹೊಡೆತದ ನಡುವೆ ರಾತ್ರಿಯೆಲ್ಲ ಅಲ್ಲಿಯೇ ನಿಂತರು. ಇದಕ್ಕಾಗಿ ಡಿ. ಎಸ್. ಓ. ಎಂಬ ಬಿರುದು ದೊರೆಯಿತು.

1918ರ ಏಪ್ರಿಲಿನಲ್ಲಿ, ಫ್ರಾನ್ಸಿನ ಬುಕ್ವಾ ಎಂಬ ಊರಿನ ಬಳಿ, ಮುಂಚೂಣಿಯಿಂದಾಚೆಗೆ ಸುಮಾರು 400 ಗಜ ದೂರದಲ್ಲಿ ಗಾಯಗೊಂಡು ಬಿದ್ದಿದ್ದ ಅಧಿಕಾರಿಯೊಬ್ಬನನ್ನು, ನೆರವು ದೊರೆಯುವವರೆಗೆ ಬಿಡದೆ ಕಾದರು. ಇನ್ನೊಮ್ಮೆ ಗುಂಡು ಸಿಡಿದು ಕುಸಿದ ಮಣ್ಣನ್ನು, ಬೀಳುವಂತಿದ್ದ ಗೋಡೆಯ ಪಕ್ಕದಲ್ಲಿ ನಿಂತು ಅಗೆದರು. ಪೂರ್ತಿ ಹೂತುಹೋಗಿದ್ದ ಒಬ್ಬನು ಬದುಕಿದನು. ಮತ್ತೊಬ್ಬನು ಹೊರತೆಗೆಯುವ ವೇಳೆಗೆ ಸತ್ತಿದ್ದನು. ಮೂರನೆಯ ಬಾರಿ, ಶತ್ರುಗಳ ಭದ್ರಠಾಣ್ಯಕ್ಕೆ ಹತ್ತೇ ಗಜದಲ್ಲಿ ಬಿದ್ದಿದ್ದ ಸಿಪಾಯಿಯನ್ನು ಸಾರ್ಜೆಂಟನೊಬ್ಬನ ನೆರವಿನಿಂದ ಕರೆತಂದರು. ಈ ಕಾರ್ಯಗಳಿಗಾಗಿ ಆಗಸ್ಟ್ 9ರಂದು ಐದನೆಯ ಜಾರ್ಜ್ ದೊರೆಗಳು ಫ್ರಾನ್ಸಿನಲ್ಲಿಯೇ ಅವರಿಗೆ ವಿಕ್ಟೋರಿಯಾ ಕ್ರಾಸನ್ನು ತೊಡಿಸಿದರು. ಆ ಯುದ್ಧದಲ್ಲಿ ಈ ಗೌರವ ಪಡೆದ ಬ್ರಿಟಿಷ್ ಸೇನೆಯ ಪಾದ್ರಿಗಳು ಮೂವರೇ.

ದೊರೆಗಳು ಅವರನ್ನು ತಮ್ಮ ಪಾದ್ರಿಗಳಲ್ಲೊಬ್ಬರನ್ನಾಗಿ ನೇಮಿಸಿದರು. ಆ ನೆಪದಲ್ಲಿ ಸ್ವದೇಶಕ್ಕೆ ಮರಳಬಹುದಾಗಿದ್ದಿತು, ಹಾರ್ಡಿಯವರು ಮರಳಲಿಲ್ಲ. ಅಕ್ಟೋಬರಿನಲ್ಲಿ ಸೆಲ್ ನದಿಯ ಬಳಿ, ಬ್ರಿಯಾಸ್ಟ್ರ್ ಎಂಬಲ್ಲಿ, ದಳದವರೊಡನೆ ಇದ್ದಾಗಲೇ ಗುಂಡು ತಗುಲಿತು. ಅದೇ ತಿಂಗಳ 18ರಂದು ರೂಆನ್ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡರು. 55 ವರ್ಷ ತುಂಬುವುದಕ್ಕೆ ಎರಡು ದಿನವಿದ್ದಿತು. ಯುದ್ಧ ನಿಲ್ಲುವುದಕ್ಕೆ 24 ದಿನ.

ಮತವು ಯುದ್ಧವನ್ನು ಹರಸಬಹುದೆ ಎಂಬ ಪ್ರಶ್ನೆಯನ್ನು ಹಾರ್ಡಿಯವರ ಮರಣವು ಬಗೆಹರಿಸುವುದಿಲ್ಲ. ಪಾದ್ರಿಯ ಸಾನ್ನಿಧ್ಯವೇ ಯುದ್ಧಕ್ಕೆ ಪವಿತ್ರತೆಯ ಮುದ್ರೆಯಾಗುವುದೆಂದು ವಾದಿಸುವವರ ಮಾತಿನಲ್ಲಿ ಹುರುಳುಂಟು. ಆದರೆ ಆ ವಾದ ಮುಗಿಯುವವರೆಗೆ ಕೆಸರಿನಲ್ಲಿ ಹೂತವನು ಕಾಯಲಾರನು. ಅವನನ್ನು ಅಲ್ಲಿಗೆ ಕಳುಹಿಸಿದವರು ಯಾರೇ ಇರಲಿ, ಅವನು ಒಂಟಿಯಾಗಿ ಸಾಯಬಾರದೆಂಬಷ್ಟನ್ನು ಹಾರ್ಡಿಯವರು ತಮ್ಮ ಪಾಲಿನ ಕೆಲಸವೆಂದು ಬಗೆದರು. ಯುದ್ಧಗಳ ಚರಿತ್ರೆಯನ್ನೋದುವಾಗ, ಗೆದ್ದವರ ಹೆಸರುಗಳೊಡನೆ ಇಂಥವರ ಹೆಸರನ್ನೂ ನಾವು ನೆನಪಿನಲ್ಲಿಡುವುದು ನ್ಯಾಯ.